ಇಪ್ಪತ್ತೆಂಟು ಪೌಂಡಿನ ಲೆಕ್ಕ

ನಿವೃತ್ತನಾದ ಮರುವರ್ಷ ಒಂದು ಮಧ್ಯಾಹ್ನ ನನ್ನ ಹಳೆಯ ಲೆಕ್ಕದ ಪುಸ್ತಕಗಳನ್ನು ತೆರೆದು ಕುಳಿತಿದ್ದೆ. ಕಾಲೇಜು ಅಧ್ಯಾಪಕನಾಗಿ ಮೊದಲ ಸಂಬಳ ಎಣಿಸಿಕೊಂಡ ತಿಂಗಳಿನಿಂದಲೂ ಖರ್ಚು ಬರೆದಿಡುವುದು ನನ್ನ ಅಭ್ಯಾಸ. ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದ ತಂದೆಯಿಂದ ಬಂದದ್ದು ಅದು. ಬಾಡಿಗೆ, ಹಾಲು, ದಿನಸಿ, ಔಷಧ ಎಂಬ ಬಾಬ್ತುಗಳ ಕೊನೆಯಲ್ಲಿ ಅವರು ದಾನ ಎಂಬ ಒಂದು ಬಾಬ್ತು ಬರೆಯುತ್ತಿದ್ದರು; ನಾನೂ ಹಾಗೆಯೇ ಬರೆದುಕೊಂಡು ಬಂದೆ. ಮೊದಲ ವರ್ಷ ನೂರು ರೂಪಾಯಿಗೆ ಆರರಂತೆ ಇದ್ದ ಆ ಬಾಬ್ತು ನಿವೃತ್ತಿಯ ವರ್ಷ ನೂರಕ್ಕೆ ಒಂದನ್ನೂ ಮುಟ್ಟಿರಲಿಲ್ಲ. ನಡುವೆ ವೇತನ ಹಲವು ಬಾರಿ ಪರಿಷ್ಕೃತವಾಯಿತು, ಹಿಂಬಾಕಿ ಬಂತು, ಸ್ವಂತ ಮನೆಯಾಯಿತು, ಕಾರೂ ಬಂತು. ಎಷ್ಟು ಪುಟ ತಿರುಗಿಸಿದರೂ ಇನ್ನು ಮುಂದೆ ಕಡಿಮೆ ಕೊಡಬೇಕೆಂದು ನಾನು ತೀರ್ಮಾನಿಸಿದ ದಿನ ಯಾವುದೆಂದು ಸಿಗಲಿಲ್ಲ. ಅಂಥ ದಿನವೇ ಇರಲಿಲ್ಲ. ಅಗತ್ಯಗಳು ಹೆಚ್ಚಿದವು, ಅಷ್ಟೆ.

ಆಗ ನನಗೆ ನೆನಪಾದವರು ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಧರ್ಮಬೋಧಕ ಜಾನ್ ವೆಸ್ಲಿ. ಮೆಥೋಡಿಸ್ಟ್ ಪಂಥದ ಮೂಲಪುರುಷರೆಂದು ಜಗತ್ತು ಅವರನ್ನು ಬಲ್ಲದು. ನನಗೆ ಆ ಹೆಸರು ಮೊದಲು ಪರಿಚಯವಾದದ್ದು ಬೇರೆ ದಾರಿಯಿಂದ. ತಾತನ ಪೆಟ್ಟಿಗೆಯಲ್ಲಿದ್ದ ಹಳೆಯ ಕನ್ನಡ ಪುಸ್ತಕಗಳ ಮೊದಲ ಪುಟದ ಅಡಿಯಲ್ಲಿ ಮೈಸೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯ ಎಂದು ಅಚ್ಚಾಗಿರುತ್ತಿತ್ತು. ಆ ಹೆಸರಿನ ಹಿಂದಿದ್ದ ಮನುಷ್ಯ ತನ್ನ ಆಯುಷ್ಯದುದ್ದಕ್ಕೂ ಲೆಕ್ಕದ ಪುಸ್ತಕ ಇಟ್ಟವನೆಂಬುದು ತಿಳಿದದ್ದು ಬಹಳ ತಡವಾಗಿ. ಅವರ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ಇರುವ ಒಂದೇ ಒಂದು ವ್ಯತ್ಯಾಸ ಅಂದಿನಿಂದ ನನ್ನನ್ನು ಕಾಡುತ್ತಿದೆ. ಅದನ್ನು ಹೇಳಬೇಕಾದರೆ ಅವರ ಬದುಕಿನ ಕಥೆಯನ್ನೇ ಹೇಳಬೇಕು.

ವೆಸ್ಲಿ ಹುಟ್ಟಿದ್ದು 1703ರ ಜೂನ್ ತಿಂಗಳಲ್ಲಿ, ಲಿಂಕನ್‌ಶೈರ್ ಪ್ರಾಂತ್ಯದ ಎಪ್‌ವರ್ತ್ ಎಂಬ ಸಣ್ಣ ಊರಿನಲ್ಲಿ. ತಂದೆ ಸ್ಯಾಮ್ಯುಯೆಲ್ ಅಲ್ಲಿನ ಚರ್ಚಿನ ಪಾದ್ರಿ, ವಿದ್ವಾಂಸ, ಕವಿ. ಹಣಕಾಸಿನ ವಿಷಯದಲ್ಲಿ ಮಾತ್ರ ಕೈ ಸೋತವರು. ತಾಯಿ ಸುಸಾನಾ ಹತ್ತೊಂಬತ್ತು ಮಕ್ಕಳನ್ನು ಹೆತ್ತವರು, ಅವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳನ್ನು ಎಳೆತನದಲ್ಲಿಯೇ ಕಳೆದುಕೊಂಡವರು. 1705ರಲ್ಲಿ, ಜಾನ್ ಎರಡು ವರ್ಷದ ಕೂಸಾಗಿದ್ದಾಗ, ಮೂವತ್ತು ಪೌಂಡಿನಷ್ಟು ಸಾಲ ತೀರಿಸಲಾಗದೆ ತಂದೆ ಲಿಂಕನ್ ಕೋಟೆಯ ಸೆರೆಮನೆ ಸೇರಬೇಕಾಯಿತು. ಯಾರ್ಕ್‌ನ ಆರ್ಚ್‌ಬಿಷಪ್ ಬಂದು, ಮನೆಯಲ್ಲಿ ಎಂದಾದರೂ ಅನ್ನಕ್ಕೆ ತತ್ವಾರವಾಗಿತ್ತೇ ಎಂದು ಸುಸಾನಾರನ್ನು ವಿಚಾರಿಸಿದರಂತೆ. ರೊಟ್ಟಿಯೇ ಇಲ್ಲವೆಂಬ ದಿನ ಬಂದಿಲ್ಲ, ಆದರೆ ಅದನ್ನು ಸಂಪಾದಿಸುವ ಪಾಡು, ತಿಂದ ಮೇಲೆ ಹಣ ತೆರುವ ಪಾಡು ಎಷ್ಟೆಂದರೆ ತಿಂದ ರೊಟ್ಟಿಯ ಸುಖವೇ ಹೋಗಿಬಿಡುತ್ತದೆ ಎಂಬ ಅರ್ಥದ ಉತ್ತರವನ್ನು ಆ ತಾಯಿ ಕೊಟ್ಟರು. 1709ರ ಫೆಬ್ರುವರಿಯ ಒಂದು ರಾತ್ರಿ ಮನೆಯೇ ಹೊತ್ತಿ ಉರಿಯಿತು. ಮಹಡಿಯಲ್ಲಿ ಸಿಕ್ಕಿಕೊಂಡ ಐದು ವರ್ಷದ ಜಾನ್‌ನನ್ನು ನೆರೆಯವರು ಒಬ್ಬರ ಹೆಗಲ ಮೇಲೊಬ್ಬರು ನಿಂತು ಕಿಟಕಿಯಿಂದ ಎಳೆದುಕೊಂಡರು. ಪರರ ಕೈಗಳಿಂದ ಉಳಿದ ಜೀವ ತನ್ನದು ಎಂಬ ಭಾವನೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಸಾಲದ ಮನೆಯಲ್ಲಿ ಬೆಳೆದವರು ಸಾಮಾನ್ಯವಾಗಿ ಹಣವನ್ನು ಬಿಗಿಯಾಗಿ ಹಿಡಿಯಲು ಕಲಿಯುತ್ತಾರೆ. ವೆಸ್ಲಿಯವರೂ ಕಲಿತರು, ಆದರೆ ಹಿಡಿದದ್ದು ತಮಗಾಗಿ ಅಲ್ಲ ಎಂಬುದು ಅವರ ಬದುಕಿನ ವಿಶೇಷ. ಲಂಡನ್ನಿನ ಚಾರ್ಟರ್‌ಹೌಸ್ ಶಾಲೆಯಲ್ಲಿ ಓದಿ, 1720ರಲ್ಲಿ ಆಕ್ಸ್‌ಫರ್ಡ್ ಸೇರಿ, 1725ರಲ್ಲಿ ಗುರುದೀಕ್ಷೆಯ ಮೊದಲ ಹಂತ ಪಡೆದು, 1726ರಲ್ಲಿ ಅವರು ಲಿಂಕನ್ ಕಾಲೇಜಿನ ಫೆಲೋ ಆದರು. ತಂದೆ ಸಾಲಕ್ಕಾಗಿ ಕೂತಿದ್ದ ಊರಿನ ಹೆಸರೇ ಮಗನಿಗೆ ಅನ್ನ ಕೊಟ್ಟ ಕಾಲೇಜಿಗೂ ಇದ್ದದ್ದು ಕೇವಲ ಕಾಕತಾಳೀಯ. ಕೆಲಕಾಲ ತಂದೆಗೆ ಸಹಾಯಕರಾಗಿದ್ದು 1729ರಲ್ಲಿ ಅವರು ಆಕ್ಸ್‌ಫರ್ಡಿಗೆ ಮರಳಿದಾಗ, ತಮ್ಮ ಚಾರ್ಲ್ಸ್ ಮತ್ತು ಕೆಲವು ಗೆಳೆಯರು ಒಂದು ಸಣ್ಣ ಕೂಟ ಕಟ್ಟಿಕೊಂಡಿದ್ದರು. ಕ್ರಮವಾಗಿ ಪ್ರಾರ್ಥನೆ, ಅಧ್ಯಯನ, ಉಪವಾಸ ಮಾಡುವುದರ ಜೊತೆಗೆ ಸೆರೆಮನೆಗಳಿಗೆ ಭೇಟಿ, ಬಡಮಕ್ಕಳಿಗೆ ಪಾಠ. ಎಲ್ಲವನ್ನೂ ಕಟ್ಟುನಿಟ್ಟಿನ ಪದ್ಧತಿಯಲ್ಲಿ ಮಾಡುತ್ತಿದ್ದ ಇವರನ್ನು ಗೇಲಿ ಮಾಡಲು ಸಹಪಾಠಿಗಳು ಬಳಸಿದ ಪದಗಳಲ್ಲಿ ಮೆಥೋಡಿಸ್ಟ್ ಎಂಬುದೂ ಒಂದು. ಗೇಲಿಯ ಮಾತೇ ಮುಂದೆ ಪಂಥದ ಹೆಸರಾಯಿತು.

ಆ ದಿನಗಳ ಒಂದು ಘಟನೆಯನ್ನು ವೆಸ್ಲಿ ಮುಪ್ಪಿನಲ್ಲಿ ನೆನೆದುಕೊಂಡಿದ್ದಾರೆ. ಚಳಿಗಾಲದ ಒಂದು ದಿನ ಹುಡುಗಿಯೊಬ್ಬಳು ಅವರ ಕೊಠಡಿಗೆ ಬಂದಳು. ಆಕೆ ಕಾಲೇಜಿನ ಕೆಲಸದಾಕೆಯೆಂದು ಹಲವರು ಹೇಳುವುದುಂಟು. ಆದರೆ ಅವರೇ ಬರೆದಿರುವಂತೆ ಆಕೆ ಕೂಟದವರು ನಡೆಸುತ್ತಿದ್ದ ಶಾಲೆಯ ವಿದ್ಯಾರ್ಥಿನಿ. ಅರೆಹೊಟ್ಟೆಯಲ್ಲಿದ್ದಂತೆ ಕಾಣುತ್ತಿದ್ದ ಆಕೆಯ ಮೈಮೇಲೆ ತೆಳುವಾದ ನಾರುಬಟ್ಟೆಯ ಉಡುಪಷ್ಟೇ ಇತ್ತು, ಆಕೆಗಿದ್ದದ್ದೂ ಅದೊಂದೇ. ಏನಾದರೂ ಕೊಡೋಣವೆಂದು ವೆಸ್ಲಿ ಜೇಬಿಗೆ ಕೈ ಹಾಕಿದರೆ ಅಲ್ಲಿ ಹಣವೇ ಹೆಚ್ಚಿರಲಿಲ್ಲ. ಅವರ ದೃಷ್ಟಿ ಕೋಣೆಯ ಗೋಡೆಗಳ ಕಡೆ ಹೋಯಿತು. ಅಲ್ಲಿ ತೂಗುಹಾಕಿದ್ದ ಚಿತ್ರಗಳನ್ನು ಅವರೇ ಹಣ ತೆತ್ತು ಕೊಂಡಿದ್ದರು. ಈ ಬಡಜೀವವನ್ನು ಚಳಿಯಿಂದ ಕಾಪಾಡಬಹುದಾಗಿದ್ದ ದುಡ್ಡಿನಿಂದ ಗೋಡೆ ಸಿಂಗರಿಸಿದವನನ್ನು ದೇವರು ತನ್ನ ಒಳ್ಳೆಯ ಸೇವಕನೆಂದು ಕರೆದಾನೆಯೇ ಎಂಬ ಪ್ರಶ್ನೆ ಅವರನ್ನು ಇರಿಯಿತು. ಆ ಚಿತ್ರಗಳು ಅವರ ಕಣ್ಣಿಗೆ ಆ ಹುಡುಗಿಯ ರಕ್ತದಂತೆ ಕಂಡವು.

ಚಿತ್ರ ಕೊಳ್ಳುವುದು ಪಾಪವೇನಲ್ಲ. ಓದುಬರಹದ ಯುವಕನೊಬ್ಬ ತನ್ನ ಕೋಣೆಯನ್ನು ಚೆಂದವಾಗಿ ಇಟ್ಟುಕೊಳ್ಳಬಯಸಿದರೆ ತಪ್ಪೇನು ಎಂದು ನಾವು ಕೇಳಬಹುದು. ವೆಸ್ಲಿ ಅದಕ್ಕೆ ಉತ್ತರಿಸಿದ್ದು ವಾದದಿಂದಲ್ಲ, ಲೆಕ್ಕದಿಂದ. ಆಕ್ಸ್‌ಫರ್ಡಿನ ಆ ಕೂಟದ ಯುವಕನೊಬ್ಬನ ಆಯವ್ಯಯವನ್ನು ಅವರು ವಿವರವಾಗಿ ಬರೆದಿದ್ದಾರೆ. ಹೆಸರು ಹೇಳದಿದ್ದರೂ ಅದು ಅವರದೇ ಲೆಕ್ಕವೆಂದು ಎಲ್ಲರೂ ಒಪ್ಪುತ್ತಾರೆ. ಮೊದಲ ವರ್ಷ ಅವನ ಆದಾಯ 30 ಪೌಂಡು. 28 ಪೌಂಡಿನಲ್ಲಿ ಬದುಕಿ 2 ಪೌಂಡು ಕೊಟ್ಟ. ಎರಡನೆಯ ವರ್ಷ ಆದಾಯ 60 ಪೌಂಡಾಯಿತು. ಆಗಲೂ 28ರಲ್ಲಿ ಬದುಕಿ 32 ಕೊಟ್ಟ. ಮೂರನೆಯ ವರ್ಷ 90 ಬಂತು, 62 ಕೊಟ್ಟ. ನಾಲ್ಕನೆಯ ವರ್ಷ 120 ಬಂತು. ಬದುಕಿದ್ದು ಅದೇ 28ರಲ್ಲಿ, ಬಡವರಿಗೆ ಹೋದದ್ದು 92.

ಈ ನಾಲ್ಕು ಸಾಲುಗಳನ್ನು ನಾನು ಎಷ್ಟು ಬಾರಿ ಓದಿದ್ದೇನೋ ತಿಳಿಯದು. ನಾವೆಲ್ಲ ದಾನದ ಪ್ರಮಾಣವನ್ನು ನಿಗದಿ ಮಾಡಿಕೊಳ್ಳುತ್ತೇವೆ, ನೂರಕ್ಕೆ ಇಷ್ಟು ಎಂದು. ವೆಸ್ಲಿ ನಿಗದಿ ಮಾಡಿದ್ದು ಖರ್ಚನ್ನು. ನಮ್ಮ ಲೆಕ್ಕದಲ್ಲಿ ಆದಾಯ ಏರಿದಂತೆ ಖರ್ಚು ಏರುತ್ತದೆ, ಉಳಿದರೆ ದಾನ. ಅವರ ಲೆಕ್ಕದಲ್ಲಿ ಏರಿದ್ದೆಲ್ಲವೂ ದಾನ. ನಾಲ್ಕು ವರ್ಷಗಳಲ್ಲಿ ಆದಾಯ ನಾಲ್ಕು ಪಟ್ಟಾದರೆ ದಾನ ನಲವತ್ತಾರು ಪಟ್ಟಾಯಿತು. ಇದಕ್ಕೆ ಗಣಿತದ ಜಾಣ್ಮೆ ಬೇಕಿಲ್ಲ. ನನಗಿಷ್ಟು ಸಾಕು ಎಂದು ಹೇಳಿ, ಮರುವರ್ಷವೂ ಅದೇ ಮಾತಿನ ಮೇಲೆ ನಿಲ್ಲುವುದೊಂದೇ ಬೇಕಾದದ್ದು. ನನ್ನ ಮೂರು ದಶಕಗಳ ಪುಸ್ತಕಗಳಲ್ಲಿ ಎಲ್ಲಿಯೂ ಇಲ್ಲದ್ದು ಆ ಒಂದು ವಾಕ್ಯ.

ಆದರೆ ಆ ಕಾಲದ ವೆಸ್ಲಿಯವರ ಔದಾರ್ಯದಲ್ಲಿ ಒಂದು ಆತಂಕವೂ ಬೆರೆತಿತ್ತು ಎಂಬುದನ್ನು ಮರೆಯಬಾರದು. ಕ್ಷೌರಿಕನಿಗೆ ಕೊಡುವ ದುಡ್ಡು ಬಡವರಿಗೆ ಸಲ್ಲಲಿ ಎಂದು ಕೂದಲನ್ನು ಉದ್ದ ಬಿಟ್ಟಿದ್ದರು. ತಾಯಿ ಆಕ್ಷೇಪಿಸಿದರೂ ಒಪ್ಪಲಿಲ್ಲ. ಇದೆಲ್ಲದರ ಹಿಂದೆ ತನ್ನ ಆತ್ಮವನ್ನು ತಾನೇ ದುಡಿದು ಉಳಿಸಿಕೊಳ್ಳಬೇಕೆಂಬ ಹಟವಿತ್ತು. ಆ ಹಟವೇ ಅವರನ್ನು 1735ರಲ್ಲಿ ಅಮೆರಿಕದ ಜಾರ್ಜಿಯಾ ವಸಾಹತಿಗೆ ಕರೆದೊಯ್ದಿತು. ಅಲ್ಲಿ ಅವರು ಕಂಡದ್ದು ಸೋಲು; ಎರಡೇ ವರ್ಷಗಳಲ್ಲಿ ಮನಸ್ಸು ಮುರಿದು ಹಿಂತಿರುಗಿದರು. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಪ್ರಾರ್ಥನಾ ಸಭೆಯಲ್ಲಿ ಅವರಿಗೆ ಹೊಸ ಅರಿವೊಂದು ಮೂಡಿತು. ದೇವರ ಕೃಪೆ ದುಡಿದು ಪಡೆಯುವ ಕೂಲಿಯಲ್ಲ, ಅದು ಈಗಾಗಲೇ ಕೈಗೆ ಬಂದಿರುವ ಕೊಡುಗೆ ಎಂಬುದು ಆ ಅರಿವು.

ಹೀಗೆ ಅನ್ನಿಸಿದ ಮೇಲೆ ಮನುಷ್ಯ ಸಡಿಲವಾಗುವುದು ಸಹಜ. ಪುಣ್ಯದ ಬಾಬ್ತು ತೀರಿದ ಮೇಲೆ ಕೊಡುವುದೇಕೆ? ವೆಸ್ಲಿಯವರಲ್ಲಿ ಆದದ್ದು ತದ್ವಿರುದ್ಧ. ಕೊಡುವ ಮೊತ್ತ ಕಡಿಮೆಯಾಗಲಿಲ್ಲ, ಕೊಡುವ ಕಾರಣ ಬದಲಾಯಿತು. ಅಲ್ಲಿಯವರೆಗೆ ದಾನವು ದೇವರಿಗೆ ಸಲ್ಲಿಸುವ ಕಂತಾಗಿತ್ತು. ಅಂದಿನಿಂದ ಅದು ಪಡೆದವನು ತೋರುವ ಕೃತಜ್ಞತೆಯಾಯಿತು. ತನ್ನದೆಂಬುದು ಏನೂ ಇಲ್ಲ. ದೇಹ, ಬುದ್ಧಿ, ಸಮಯ, ಹಣ ಎಲ್ಲವೂ ಒಡೆಯನವು. ಮನುಷ್ಯ ಅವುಗಳ ಪಾರುಪತ್ಯಗಾರ ಮಾತ್ರ ಎಂಬ ವಿಚಾರವನ್ನು 1768ರಲ್ಲಿ ಅವರು ಒಂದು ಪ್ರವಚನದಲ್ಲಿ ವಿಸ್ತರಿಸಿದರು. ಪಾರುಪತ್ಯಗಾರ ಎಂಬ ಪದ ನಮಗೆ ಹೊಸದೇನಲ್ಲ. ದೇವಸ್ಥಾನದ ಭಂಡಾರ ಎಷ್ಟೇ ತುಂಬಿದ್ದರೂ ಅದರಲ್ಲೊಂದು ಕಾಸೂ ಪಾರುಪತ್ಯಗಾರನದಲ್ಲ. ಅವನಿಗೆ ಸಲ್ಲುವುದು ಅವನ ಸಂಬಳ ಮಾತ್ರ. ವೆಸ್ಲಿಯವರ ದೃಷ್ಟಿಯಲ್ಲಿ ಆ 28 ಪೌಂಡು ಅಂಥ ಸಂಬಳವಾಗಿತ್ತು.

1739ರ ಏಪ್ರಿಲ್‌ನಲ್ಲಿ ಅವರು ಬ್ರಿಸ್ಟಲ್ ಬಳಿ ಬಯಲಿನಲ್ಲಿ ನಿಂತು ಬೋಧಿಸಲು ಆರಂಭಿಸಿದರು. ಚರ್ಚುಗಳ ಬಾಗಿಲು ಅವರಿಗೆ ಒಂದೊಂದಾಗಿ ಮುಚ್ಚುತ್ತಿದ್ದವು. ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಗಣಿಯ ಕೂಲಿಗಳು ಚರ್ಚಿನೊಳಗೆ ಬರುವವರೂ ಆಗಿರಲಿಲ್ಲ. ಅಲ್ಲಿಂದ ಮುಂದೆ ಐದು ದಶಕ ಅವರು ಕುದುರೆಯ ಮೇಲೆ, ಕೊನೆಕೊನೆಗೆ ಬಂಡಿಯಲ್ಲಿ, ಬ್ರಿಟನ್ ಮತ್ತು ಐರ್ಲೆಂಡನ್ನು ಸುತ್ತಿದರು. ಎರಡೂವರೆ ಲಕ್ಷ ಮೈಲಿ, ನಲವತ್ತು ಸಾವಿರ ಪ್ರವಚನ ಎಂಬುದು ರೂಢಿಯಲ್ಲಿರುವ ಅಂದಾಜು. ಕಲ್ಲೇಟು ತಿಂದರು, ದೊಂಬಿಗಳ ನಡುವೆ ಸಿಕ್ಕರು. ಅವರ ಹಿಂದೆ ನಿಂತವರಲ್ಲಿ ಬಹುಪಾಲು ಜನ ಗಣಿಯವರು, ನೇಕಾರರು, ಸಣ್ಣ ಕುಶಲಕರ್ಮಿಗಳು, ಮನೆಗೆಲಸದ ಹೆಂಗಸರು.

ಬಡವರಿಂದ ಕೊಡುವಿಕೆಯನ್ನು ನಿರೀಕ್ಷಿಸಬಹುದೇ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಒಂದು ಸಾಲದ ದೆಸೆಯಿಂದ. ಬ್ರಿಸ್ಟಲ್‌ನಲ್ಲಿ ಕಟ್ಟಿದ ಸಭಾಗೃಹದ ಸಾಲ ತೀರಿಸಲು 1742ರ ಫೆಬ್ರುವರಿಯಲ್ಲಿ ಸಭೆ ಸೇರಿದಾಗ, ಫಾಯ್ ಎಂಬ ಕಪ್ತಾನರು ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಲೆಂದು ಸಲಹೆ ಮಾಡಿದರು. ಅನೇಕರಿಗೆ ಅಷ್ಟೂ ಸಾಧ್ಯವಿಲ್ಲವೆಂದು ಯಾರೋ ಹೇಳಿದರು. ಹಾಗಿದ್ದರೆ ಅತ್ಯಂತ ಬಡವರಾದ ಹನ್ನೊಂದು ಮಂದಿಯನ್ನು ನನಗೆ ಒಪ್ಪಿಸಿ, ಅವರು ಕೊಡಲಾಗದ್ದನ್ನು ನಾನೇ ತುಂಬುತ್ತೇನೆ ಎಂದು ಅವರು ಮುಂದೆ ಬಂದರು. ಇತರರೂ ಅದೇ ಮಾದರಿ ಅನುಸರಿಸಿದರು. ವಾರವಾರ ಮನೆಮನೆಗೆ ಹೋದಾಗ ಯಾರ ಮನೆಯಲ್ಲಿ ಕಾಯಿಲೆ, ಯಾರಿಗೆ ಕೆಲಸವಿಲ್ಲ, ಯಾರು ಕುಡಿತಕ್ಕೆ ಬಿದ್ದಿದ್ದಾರೆ ಎಂಬುದೆಲ್ಲ ತಿಳಿಯತೊಡಗಿತು. ಪೆನ್ನಿ ಎತ್ತಲು ಹುಟ್ಟಿದ ವ್ಯವಸ್ಥೆ ಪರಸ್ಪರ ವಿಚಾರಿಸಿಕೊಳ್ಳುವ ವ್ಯವಸ್ಥೆಯಾಯಿತು. ಮೆಥೋಡಿಸ್ಟ್ ಸಂಘಟನೆಯ ಬೆನ್ನೆಲುಬಾದ ಹನ್ನೆರಡು ಜನರ ಗುಂಪುಗಳು ಹುಟ್ಟಿದ್ದು ಹೀಗೆ.

ಲಂಡನ್ನಿನಲ್ಲಿ ಫಿರಂಗಿ ಎರಕದ ಒಂದು ಪಾಳು ಕಾರ್ಖಾನೆ ಅವರ ಕೇಂದ್ರವಾಯಿತು. ಅಲ್ಲಿ 1746ರಲ್ಲಿ ಬಡವರಿಗೆ ಉಚಿತವಾಗಿ ಔಷಧ ಕೊಡುವ ಔಷಧಾಲಯ ತೆರೆದರು. ಅದೇ ವರ್ಷ 30 ಪೌಂಡು 16 ಶಿಲ್ಲಿಂಗು ಚಂದಾ ಎತ್ತಿ ಕೈಸಾಲದ ನಿಧಿಯೊಂದನ್ನು ಸ್ಥಾಪಿಸಿದರು. ಒಬ್ಬರಿಗೆ ಒಂದು ಸಲಕ್ಕೆ 20 ಶಿಲ್ಲಿಂಗು, ವಾರದ ಕಂತುಗಳಲ್ಲಿ ಮೂರು ತಿಂಗಳೊಳಗೆ ಮರುಪಾವತಿ. ಒಂದೂವರೆ ವರ್ಷದಲ್ಲಿ 255 ಜನರಿಗೆ ಆ ಸಣ್ಣ ಮೊತ್ತವೇ ಕೈಯಿಂದ ಕೈಗೆ ತಿರುಗಿ ನೆರವಾಯಿತು. ಮುಂದೆ ಸಾಲದ ಮಿತಿ ಹೆಚ್ಚಿತು. ಜೇಮ್ಸ್ ಲ್ಯಾಕಿಂಗ್ಟನ್ ಎಂಬ ಚಮ್ಮಾರ 5 ಪೌಂಡು ಪಡೆದು ಹಳೆಯ ಪುಸ್ತಕಗಳ ವ್ಯಾಪಾರಕ್ಕಿಳಿದ. ಮುಂದೆ ಲಂಡನ್ನಿನ ಅತಿದೊಡ್ಡ ಪುಸ್ತಕ ವ್ಯಾಪಾರಿಗಳಲ್ಲಿ ಒಬ್ಬನಾದ. ಸಿರಿವಂತನಾದ ಮೇಲೆ ತನ್ನ ಆತ್ಮಕಥೆಯಲ್ಲಿ ಮೆಥೋಡಿಸ್ಟರನ್ನು ಹಾಸ್ಯ ಮಾಡಿದ, ಅನಂತರ ಪಶ್ಚಾತ್ತಾಪಪಟ್ಟು ಇನ್ನೊಂದು ಪುಸ್ತಕ ಬರೆದ. ಕೊಟ್ಟದ್ದಕ್ಕೆ ಕೃತಜ್ಞತೆಯನ್ನು ನಿರೀಕ್ಷಿಸುವವರಿಗೆ ಈ ಕಥೆಯಲ್ಲಿ ಪಾಠವಿದೆ.

ಅದೇ 1746ರಲ್ಲಿ ವೆಸ್ಲಿ ಚಹಾ ಬಿಟ್ಟರು. ಆಗ ಚಹಾ ದುಬಾರಿ ಪದಾರ್ಥ. ಬಡವರು ಕೂಡ ಅದಕ್ಕೆ ದುಡ್ಡು ಸುರಿಯುತ್ತಿದ್ದರು. ಬಿಡಿರೆಂದು ಅವರಿಗೆ ಹೇಳುವ ಮೊದಲು ತಾನು ಬಿಡಬೇಕಲ್ಲವೇ? ಇಪ್ಪತ್ತಾರು ವರ್ಷಗಳ ಅಭ್ಯಾಸ ಬಿಟ್ಟ ಮೊದಲ ಮೂರು ದಿನ ತಲೆ ಸಿಡಿಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಬೆಳಗಿನ ಕಾಫಿ ಹತ್ತು ನಿಮಿಷ ತಡವಾದರೆ ಮನೆಮಂದಿಯ ಮೇಲೆ ಮುನಿಯುವ ನನ್ನಂಥವನಿಗೆ ಇದು ಅವರ ಪ್ರವಚನಗಳಿಗಿಂತ ಹೆಚ್ಚು ಅರ್ಥವಾಗುತ್ತದೆ.

1760ರಲ್ಲಿ ಅವರು ಪ್ರಕಟಿಸಿದ ಹಣದ ಬಳಕೆಯ ಕುರಿತ ಪ್ರವಚನ ಇಂದಿಗೂ ಪ್ರಸಿದ್ಧ. ಅದರ ಸಾರ ಮೂರು ಸೂತ್ರಗಳಲ್ಲಿದೆ: ಸಾಧ್ಯವಾದಷ್ಟು ಗಳಿಸಬೇಕು, ಸಾಧ್ಯವಾದಷ್ಟು ಉಳಿಸಬೇಕು, ಸಾಧ್ಯವಾದಷ್ಟು ಕೊಡಬೇಕು. ಗಳಿಸಬೇಕು ಎಂದು ಧರ್ಮಗುರುವೊಬ್ಬ ಹೇಳಿದ್ದನ್ನು ಕೇಳಿ ವರ್ತಕರು ತಲೆದೂಗಿರಬಹುದು. ಆದರೆ ಆ ಸೂತ್ರಕ್ಕೆ ಅವರು ಹಾಕಿದ ಬೇಲಿ ಬಲವಾದದ್ದು. ಸ್ವಂತ ಆರೋಗ್ಯ ಕೆಡಿಸಿಕೊಂಡು ಗಳಿಸಬಾರದು. ನೆರೆಯವನ ವ್ಯಾಪಾರ ಮುರಿಯಲೆಂದು ಬೆಲೆ ಇಳಿಸಬಾರದು, ಅವನ ಕೆಲಸಗಾರರನ್ನು ಆಸೆ ತೋರಿಸಿ ಸೆಳೆಯಬಾರದು. ಮದ್ಯ ಮಾರಿ ಗಳಿಸಬಾರದು. ವೈದ್ಯನು ಶುಲ್ಕದ ಆಸೆಗೆ ರೋಗವನ್ನು ಎಳೆಯಬಾರದು. ಉಳಿಸುವುದೆಂದರೆ ನಾಲಿಗೆಯ, ಕಣ್ಣಿನ, ಹೆಮ್ಮೆಯ ಚಪಲಗಳಿಗೆ ಹಣ ಚೆಲ್ಲದಿರುವುದು. ಮೂರನೆಯದಿಲ್ಲದೆ ಮೊದಲೆರಡು ವ್ಯರ್ಥ. ಕೊಡದೆ ಕೂಡಿಡುವುದೂ ಹಣವನ್ನು ಸಮುದ್ರಕ್ಕೆ ಎಸೆಯುವುದೂ ಒಂದೇ. ಯೆಹೂದ್ಯರ ಹಳೆಯ ನಿಯಮದ ಹತ್ತರಲ್ಲೊಂದು ಪಾಲು ಕೂಡ ಅವರಿಗೆ ಗುರಿಯಾಗಿರಲಿಲ್ಲ. ಎಲ್ಲವೂ ದೇವರದಾದ ಮೇಲೆ ಪಾಲಿನ ಪ್ರಶ್ನೆಯೇ ಇಲ್ಲ ಎಂಬುದು ಅವರ ನಿಲುವು. ಹಾಗೆಂದು ಮನೆಮಂದಿಯನ್ನು ಉಪವಾಸ ಕೆಡವಲು ಹೇಳಿದವರಲ್ಲ. ಮೊದಲು ತನ್ನ ಅಗತ್ಯ, ಬಳಿಕ ಹೆಂಡತಿ ಮಕ್ಕಳು ಮತ್ತು ಮನೆಯ ಆಳುಗಳದು, ಅನಂತರ ಸಹವಿಶ್ವಾಸಿಗಳದು, ಕೊನೆಗೆ ಸಕಲರದು ಎಂಬ ಕ್ರಮವನ್ನು ಅವರು ಸ್ಪಷ್ಟವಾಗಿ ಇಟ್ಟಿದ್ದರು.

ಅವರ ಅಗ್ಗದ ಪುಸ್ತಕಗಳು ಭಾರೀ ಸಂಖ್ಯೆಯಲ್ಲಿ ಮಾರಾಟವಾದವು. ತಾನು ಬಯಸದೆಯೇ ಸಿರಿವಂತನಾಗಿಬಿಟ್ಟೆನೆಂದು ಅವರು ಅಚ್ಚರಿಪಟ್ಟಿದ್ದುಂಟು. ಬಂದದ್ದೆಲ್ಲ ಹೋಯಿತು; ಜೀವಮಾನದಲ್ಲಿ ಅವರು ಕೊಟ್ಟದ್ದು 30 ಸಾವಿರ ಪೌಂಡಿನಷ್ಟು ಎಂದು ಜೀವನಚರಿತ್ರಕಾರರು ಅಂದಾಜಿಸುತ್ತಾರೆ. 1776ರಲ್ಲಿ ಸರ್ಕಾರದ ಸುಂಕದ ಅಧಿಕಾರಿಗಳು, ಇಷ್ಟು ದೊಡ್ಡ ಮನುಷ್ಯನ ಮನೆಯಲ್ಲಿ ತೆರಿಗೆ ಕಟ್ಟದ ಬೆಳ್ಳಿ ಸಾಮಾನು ಇರಲೇಬೇಕೆಂದು ಪತ್ರ ಬರೆದರು. ಲಂಡನ್ನಿನಲ್ಲಿ ಎರಡು, ಬ್ರಿಸ್ಟಲ್‌ನಲ್ಲಿ ಎರಡು ಬೆಳ್ಳಿಯ ಚಮಚಗಳಿವೆ, ಸುತ್ತಲಿನ ಇಷ್ಟೊಂದು ಜನರಿಗೆ ರೊಟ್ಟಿಯಿಲ್ಲದಿರುವಾಗ ಇನ್ನು ಹೆಚ್ಚು ಕೊಳ್ಳುವುದಿಲ್ಲ ಎಂದು ಅವರು ಉತ್ತರಿಸಿದರು.

ದಾನದಿಂದಲೇ ಬಡತನ ನೀಗುತ್ತದೆಂದು ಅವರು ಭ್ರಮಿಸಿರಲಿಲ್ಲ. 1773ರಲ್ಲಿ ಆಹಾರದ ಅಭಾವ ಕುರಿತು ಬರೆದ ಕಿರುಹೊತ್ತಗೆಯಲ್ಲಿ, ಧಾನ್ಯವನ್ನು ಸಾರಾಯಿ ಭಟ್ಟಿಗಳಿಗೆ ಸುರಿಯುವುದು, ಸಿರಿವಂತರ ಕುದುರೆಗಳಿಗೆ ಓಟ್ಸ್ ಹಾಕುವುದು, ಸಣ್ಣ ಹಿಡುವಳಿಗಳನ್ನು ದೊಡ್ಡವರು ನುಂಗುವುದು, ತೆರಿಗೆಯ ಹೊರೆ ಇವೆಲ್ಲವನ್ನೂ ಕಾರಣಗಳೆಂದು ಎತ್ತಿ ತೋರಿಸಿದರು. 1774ರಲ್ಲಿ ಗುಲಾಮಗಿರಿಯ ವಿರುದ್ಧ ಬರೆದರು. ಸಾಯುವ ಕೆಲವೇ ದಿನ ಮೊದಲು ಅವರು ಬರೆದ ಪತ್ರ ಗುಲಾಮರ ವ್ಯಾಪಾರದ ವಿರುದ್ಧ ಹೋರಾಡುತ್ತಿದ್ದ ವಿಲಿಯಂ ವಿಲ್ಬರ್‌ಫೋರ್ಸ್ ಅವರಿಗೆ ಧೈರ್ಯ ಹೇಳುವಂಥದ್ದು. ನ್ಯಾಯದ ಮಾತು ಆಡುವವರು ಕೊಡುವುದಿಲ್ಲ, ಕೊಡುವವರು ನ್ಯಾಯದ ಮಾತು ಆಡುವುದಿಲ್ಲ ಎಂಬ ನಮ್ಮ ಕಾಲದ ದೂರಿಗೆ ಅವರು ಅಪವಾದ.

ಅವರೇನೂ ದೋಷರಹಿತರಲ್ಲ. ಸಂಘಟನೆಯಲ್ಲಿ ತಮ್ಮ ಮಾತೇ ನಡೆಯಬೇಕೆನ್ನುವ ಸ್ವಭಾವ. 1751ರಲ್ಲಿ ಮೇರಿ ವಝೀಲ್ ಎಂಬ ವಿಧವೆಯೊಡನೆ ಆದ ಮದುವೆ ಇಬ್ಬರಿಗೂ ಸುಖ ಕೊಡಲಿಲ್ಲ. ಪ್ರಯಾಣವೇ ಬದುಕಾಗಿದ್ದ ಗಂಡನೊಡನೆ ಆಕೆ ಬಾಳಲಾರದೆ ಹೋದರು. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಊರೂರಿನಲ್ಲಿ ಅನುಯಾಯಿಗಳ ಮನೆಗಳಲ್ಲಿ ಉಂಡು ಮಲಗುವವನಿಗೆ ಖರ್ಚು ಮಿತಿಯಲ್ಲಿಡುವುದು ಸುಲಭವಲ್ಲವೇ ಎಂದು ಓದುಗರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಮಗಳ ಓದು, ಮುದಿ ತಾಯಿಯ ಶುಶ್ರೂಷೆ, ನಾಳಿನ ಆಸ್ಪತ್ರೆಯ ಬಿಲ್ಲು ಇವನ್ನೆಲ್ಲ ಹೊತ್ತವನಿಗೆ 28ರ ಗೆರೆ ಹಾಗೆಯೇ ಒಪ್ಪುವುದಿಲ್ಲ. ಆದರೆ ಅವರು ನಮ್ಮನ್ನು ಕೇಳುವುದು ಗೆರೆ ಎಲ್ಲಿದೆ ಎಂದಲ್ಲ, ಗೆರೆ ಇದೆಯೇ ಎಂದು.

1785ರ ಜನವರಿಯ ಒಂದು ದೃಶ್ಯ ನನ್ನ ಕಣ್ಣೆದುರು ಆಗಾಗ ಬರುತ್ತದೆ. ಪ್ರತಿ ಚಳಿಗಾಲದಲ್ಲಿ ಬಡವರಿಗೆ ಕಲ್ಲಿದ್ದಲು, ರೊಟ್ಟಿ ಹಂಚುವುದು ವಾಡಿಕೆ. ಆ ವರ್ಷ ಬಟ್ಟೆಯೂ ಬೇಕೆಂದು ಅವರಿಗೆ ಕಂಡಿತು. ಎಂಬತ್ತೊಂದು ವರ್ಷದ ಮುದುಕ ಐದು ದಿನ ಲಂಡನ್ನಿನ ಬೀದಿಗಳಲ್ಲಿ ಮನೆಯಿಂದ ಮನೆಗೆ ನಡೆದು 200 ಪೌಂಡು ಬೇಡಿ ತಂದರು. ಕರಗುತ್ತಿದ್ದ ಹಿಮ ಅನೇಕ ಕಡೆ ಪಾದ ಮುಳುಗುವಷ್ಟಿತ್ತು. ಬೆಳಗಿನಿಂದ ಸಂಜೆಯವರೆಗೆ ಒದ್ದೆ ಕಾಲಿನಲ್ಲಿ ಓಡಾಡಿ ಕೊನೆಗೆ ಕಾಯಿಲೆ ಬಿದ್ದರು. ಆಕ್ಸ್‌ಫರ್ಡಿನ ಕೋಣೆಗೆ ಚಳಿಯಲ್ಲಿ ಬಂದಿದ್ದ ಆ ಹುಡುಗಿಯ ಋಣ ಅರ್ಧ ಶತಮಾನವಾದರೂ ಅವರಿಗೆ ತೀರಿದಂತೆ ಅನ್ನಿಸಿರಲಿಲ್ಲವೆಂದು ನಾನು ತಿಳಿಯುತ್ತೇನೆ.

ಆದರೂ ವೆಸ್ಲಿಯವರ ಕೊನೆಯ ವರ್ಷಗಳು ನಿರಾಶೆಯವು. ಅವರ ಅನುಯಾಯಿಗಳು ಕುಡಿತ ಬಿಟ್ಟರು, ಕಷ್ಟಪಟ್ಟು ದುಡಿದರು, ದುಂದು ಮಾಡಲಿಲ್ಲ, ಪರಿಣಾಮವಾಗಿ ಸ್ಥಿತಿವಂತರಾದರು. ಮೂರು ಸೂತ್ರಗಳಲ್ಲಿ ಮೊದಲೆರಡನ್ನು ಶ್ರದ್ಧೆಯಿಂದ ಪಾಲಿಸಿ ಮೂರನೆಯದನ್ನು ಮರೆತರು. ಧರ್ಮವು ದುಡಿಮೆಯನ್ನೂ ಮಿತವ್ಯಯವನ್ನೂ ಕಲಿಸುತ್ತದೆ, ಅವು ಸಂಪತ್ತನ್ನು ತರುತ್ತವೆ, ಸಂಪತ್ತು ಹೆಚ್ಚಿದಂತೆ ಧರ್ಮವೇ ಕರಗುತ್ತದೆ; ಈ ಸುಳಿಯಿಂದ ಪಾರಾಗಲು ಕೊಡುವುದೊಂದೇ ದಾರಿ ಎಂದು ಅವರು 1786ರಲ್ಲಿ ಬರೆದರು. ಮುಂದೆ ಬಂಡವಾಳಶಾಹಿಯ ಹುಟ್ಟನ್ನು ಅಧ್ಯಯನ ಮಾಡಿದ ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಈ ಬರಹವನ್ನೇ ಸಾಕ್ಷಿಯಾಗಿ ಎತ್ತಿಕೊಂಡರು. ಸಿರಿಯ ಅಪಾಯದ ಕುರಿತು 1781ರಿಂದ 1790ರವರೆಗೆ ವೆಸ್ಲಿ ಮತ್ತೆ ಮತ್ತೆ ಪ್ರವಚನ ಬರೆದರು. ಕೇಳಿದವರು ಕಡಿಮೆ.

1790ರ ಜುಲೈನಲ್ಲಿ, ಕಣ್ಣು ಮಂಜಾಗಿ ಕೈ ನಡುಗುತ್ತಿದ್ದಾಗ, ಅವರು ಲೆಕ್ಕದ ಪುಸ್ತಕವನ್ನು ಮುಚ್ಚಿದರು. ಇಷ್ಟು ದೀರ್ಘಕಾಲ ಕರಾರುವಾಕ್ಕಾಗಿ ಲೆಕ್ಕ ಇಟ್ಟಿದ್ದೇನೆ, ಇನ್ನು ಸಾಧ್ಯವಿಲ್ಲ, ಉಳಿಸಬಹುದಾದ್ದನ್ನು ಉಳಿಸಿ ಇದ್ದದ್ದೆಲ್ಲವನ್ನೂ ಕೊಡುತ್ತಿದ್ದೇನೆಂಬ ತೃಪ್ತಿ ಸಾಕು ಎಂಬ ಅರ್ಥದ ಷರಾವನ್ನು ಕೊನೆಯ ಪುಟದಲ್ಲಿ ಬರೆದರು. 1791ರ ಮಾರ್ಚ್ 2ರಂದು, ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ, ಲಂಡನ್ನಿನ ಸಿಟಿ ರೋಡಿನ ಮನೆಯಲ್ಲಿ ತೀರಿಕೊಂಡರು. ಶವವಾಹನ ಬೇಡ, ಆಡಂಬರ ಬೇಡ, ಆರು ಜನ ಬಡವರು ಹೊರಲಿ, ಅವರಿಗೆ ತಲಾ 20 ಶಿಲ್ಲಿಂಗು ಕೊಡಲಿ ಎಂದು ಉಯಿಲಿನಲ್ಲಿತ್ತು. ಯೌವನದಲ್ಲಿ ತಂದೆಯ ಸಾಲ ಕಂಡಿದ್ದ ಅವರು 1743ರಲ್ಲೇ ಬಹಿರಂಗವಾಗಿ ಹೇಳಿದ್ದ ಮಾತೊಂದಿತ್ತು: ಸಾಲ ಮತ್ತು ಪುಸ್ತಕಗಳನ್ನು ಬಿಟ್ಟು 10 ಪೌಂಡಿಗಿಂತ ಹೆಚ್ಚು ಇಟ್ಟು ಸತ್ತರೆ ತನ್ನನ್ನು ಕಳ್ಳನೆಂದು ಕರೆಯಿರಿ ಎಂದು. ಹಾಗೆ ಕರೆಯುವ ಅವಕಾಶವನ್ನು ಅವರು ಯಾರಿಗೂ ಕೊಡಲಿಲ್ಲ.

ಅವರ ಹೆಸರು ಕನ್ನಡ ನಾಡಿಗೆ ಬಂದದ್ದು ಮುಂದಿನ ಶತಮಾನದಲ್ಲಿ, ವೆಸ್ಲಿಯನ್ ಮಿಷನ್ನಿನ ಮೂಲಕ. ಐರ್ಲೆಂಡಿನ ತರುಣ ವಿಲಿಯಂ ಆರ್ಥರ್ 1839ರಲ್ಲಿ ಇಲ್ಲಿಗೆ ಬಂದು ಗುಬ್ಬಿಯಲ್ಲಿ ಕನ್ನಡ ಕಲಿತು ದುಡಿದರು. ಅನಾರೋಗ್ಯದಿಂದ ಬೇಗನೆ ಹಿಂತಿರುಗಬೇಕಾಯಿತು. 1847ರಲ್ಲಿ ಅವರು ಮೈಸೂರು ಸೀಮೆಯ ಅನುಭವಗಳನ್ನು ಪುಸ್ತಕವಾಗಿಸಿದರು. 1855ರಲ್ಲಿ ಅವರದೊಂದು ಉಪನ್ಯಾಸ ಅಚ್ಚಾಯಿತು. ಆದಾಯದ ಗೊತ್ತಾದ ಒಂದು ಭಾಗವನ್ನು ಮೊದಲೇ ತೆಗೆದಿಟ್ಟು ಕೊಡುವುದು ಕರ್ತವ್ಯವೆಂಬುದು ಅದರ ವಿಷಯ. ಮನಸ್ಸು ಬಂದಾಗ ಕೊಟ್ಟರಾಯಿತೆಂಬ ಸ್ವಭಾವಕ್ಕೆ ಮದ್ದು ಅದು. ವೆಸ್ಲಿಯವರ ಗೆರೆ ಎತ್ತರದ್ದೆನ್ನುವವರಿಗೆ ಆರ್ಥರ್ ತೋರಿದ ಮೆಟ್ಟಿಲು ಇದು.

ಇದನ್ನೆಲ್ಲ ಓದುವಾಗ ಕನ್ನಡದ ಮನಸ್ಸಿಗೆ ಆಯ್ದಕ್ಕಿ ಲಕ್ಕಮ್ಮ ನೆನಪಾಗದೆ ಇರಲಾರಳು. ಗಂಡ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದವಳು ಆಕೆ. ಆಕೆಗೂ ವೆಸ್ಲಿಗೂ ಯಾವ ಸಂಬಂಧವೂ ಇಲ್ಲ. ದೇಶ, ಕಾಲ, ಮತ ಎಲ್ಲವೂ ಬೇರೆ. ಆದರೆ ಇಬ್ಬರಿಗೂ ತಮಗೆಷ್ಟು ಸಾಕೆಂಬುದು ಗೊತ್ತಿತ್ತು.

ಮೊನ್ನೆ ಹೊಸ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ, ಆದಾಯ ಬರೆಯುವ ಮೊದಲು, ತಿಂಗಳ ಖರ್ಚಿನ ಒಂದು ಸಂಖ್ಯೆ ಬರೆದೆ. ಅದನ್ನು ನೋಡಿದ ನನ್ನ ಹೆಂಡತಿ, ಇದರಲ್ಲಿ ನನ್ನ ಮಂಡಿನೋವಿನ ಔಷಧ ಸೇರಿದೆಯೇ ಎಂದು ಕೇಳಿದಳು. ಸೇರಿರಲಿಲ್ಲ. ಸೇರಿಸಿದೆ. ಬಳಿಕ ಅವಳೇ ಪುಸ್ತಕ ತೆಗೆದುಕೊಂಡು ನನ್ನ ಎರಡು ಬಾಬ್ತುಗಳನ್ನು ಹೊಡೆದುಹಾಕಿದಳು. ಸಂಖ್ಯೆ ಮೊದಲಿನದಕ್ಕಿಂತ ಸ್ವಲ್ಪ ಕೆಳಗೆ ಬಂದು ನಿಂತಿದೆ. ಮುಂದಿನ ವರ್ಷ ತುಟ್ಟಿಭತ್ಯೆ ಏರಿದಾಗಲೂ ಅದು ಅಲ್ಲಿಯೇ ನಿಂತಿರುತ್ತದೆಯೇ ಎಂಬುದಷ್ಟೇ ಈಗ ಉಳಿದಿರುವ ಪ್ರಶ್ನೆ. ಅದಕ್ಕೆ ಉತ್ತರವನ್ನು ಪುಸ್ತಕವೇ ಹೇಳಬೇಕು.